ಕೀಲು ನೋವಿಗೆ ವ್ಯಾಯಾಮ ಎಷ್ಟು, ಊಟ ಹೇಗೆ: ಹಂತ ಹಂತವಾಗಿ

ಮಂಡಿ ನೋಯುತ್ತಿದೆ, ನಡೆಯಬಹುದಾ? ಸಂಧಿವಾತ ಇದೆ ಎಂದು ಗೊತ್ತಾದವರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಇದೇ. ಮನೆಯವರ ಉತ್ತರವೂ ಹೆಚ್ಚು ಕಡಿಮೆ ಒಂದೇ: "ಸುಮ್ನೆ ಕೂತ್ಕೊಳ್ಳಿ, ಓಡಾಡಿದ್ರೆ ಇನ್ನೂ ಸವೆದು ಹೋಗುತ್ತೆ." ಪ್ರೀತಿಯಿಂದ ಹೇಳುವ ಮಾತೇ, ಆದರೆ ಕೀಲಿಗೆ ಒಳ್ಳೆಯದಲ್ಲ.

ಕೀಲಿನೊಳಗೆ ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಅದಕ್ಕೆ ರಕ್ತನಾಳಗಳಿಲ್ಲ. ಬೇಕಾದ ಪೋಷಣೆಯೆಲ್ಲ ಬರುವುದು ಮುಖ್ಯವಾಗಿ ಕೀಲಿನೊಳಗಿನ ದ್ರವದಿಂದ. ಕಾಲೂರಿದಾಗ ಈ ಹೊದಿಕೆ ಸ್ಪಂಜಿನ ಹಾಗೆ ಒತ್ತಿಕೊಂಡು ದ್ರವವನ್ನು ಹೊರಬಿಡುತ್ತದೆ, ಕಾಲೆತ್ತಿದಾಗ ಮತ್ತೆ ಹೀರಿಕೊಳ್ಳುತ್ತದೆ. ದಿನವಿಡೀ ಕೂತರೆ ಇದು ನಡೆಯುವುದೇ ಕಡಿಮೆ. ಜೊತೆಗೆ ತೊಡೆಯ ಸ್ನಾಯು ಸೊರಗುತ್ತದೆ. ಸ್ನಾಯು ಹೊರಬೇಕಿದ್ದ ಭಾರ ಕೀಲಿನ ಮೇಲೆ ಬೀಳುತ್ತದೆ. ನೋವು ಏರುತ್ತದೆ. ನೋವು ಎಂದು ಇನ್ನಷ್ಟು ಕೂರುತ್ತೇವೆ.

ಹಾಗಾಗಿ ನಡೆಯಬೇಕು, ಅದರಲ್ಲಿ ಅನುಮಾನ ಬೇಡ. ಕಷ್ಟವಿರುವುದು ಎಷ್ಟು ಎನ್ನುವುದರಲ್ಲಿ. ಊಟದ ವಿಷಯವೂ ಅಷ್ಟೇ: ಯಾವುದನ್ನು ಬಿಡಬೇಕು ಎಂದು ತಲೆ ಕೆಡಿಸಿಕೊಳ್ಳುವವರು, ಎಷ್ಟು ತಿನ್ನುತ್ತಿದ್ದೇವೆ ಎಂದು ನೋಡುವುದು ಅಪರೂಪ.

ಮೊದಲು: ನಿಮ್ಮದು ಯಾವ ಬಗೆ?

ಸಂಧಿವಾತದಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ. ಪಕ್ಕದ ಮನೆಯವರಿಗೆ ಕೆಲಸ ಮಾಡಿದ ಪಥ್ಯ ನಿಮಗೆ ಕೆಲಸ ಮಾಡದಿರಲು ಮುಖ್ಯ ಕಾರಣ ಇದು. ಆದ್ದರಿಂದ ವೈದ್ಯರ ಹತ್ತಿರ ಹೋದಾಗ "ಸಂಧಿವಾತ" ಎಂಬ ಉತ್ತರಕ್ಕೆ ಸಮಾಧಾನಪಟ್ಟು ಎದ್ದು ಬರಬೇಡಿ. ಯಾವುದು ಎಂದು ಕೇಳಿ ಬರೆದುಕೊಳ್ಳಿ.

ಅತಿ ಸಾಮಾನ್ಯವಾದದ್ದು ಆಸ್ಟಿಯೋಆರ್ಥ್ರೈಟಿಸ್, ಜನ ಸವೆತ ಎನ್ನುವುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರ ಹೊತ್ತಿಗೆ ಜಗತ್ತಿನಲ್ಲಿ ಸುಮಾರು 52.8 ಕೋಟಿ ಜನರಿಗೆ ಇದು ಇತ್ತು. ಅದರಲ್ಲಿ ಮಂಡಿಯದ್ದೇ ದೊಡ್ಡ ಪಾಲು. ಬೆಳಗ್ಗೆ ಕೀಲು ಬಿಗಿದಿರುತ್ತದೆ, ಸ್ವಲ್ಪ ಓಡಾಡಿದರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಕೆಲಸ ಜಾಸ್ತಿಯಾದ ದಿನ ಸಂಜೆ ನೋವು ಏರುತ್ತದೆ.

ರುಮಟಾಯ್ಡ್ ಆರ್ಥ್ರೈಟಿಸ್ ಬೇರೆಯೇ. ಇಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ಕೀಲಿನ ಒಳಪದರದ ಮೇಲೆಯೇ ತಿರುಗಿ ಬೀಳುತ್ತದೆ. ಎರಡೂ ಕೈಗಳ ಗೆಣ್ಣು, ಮಣಿಕಟ್ಟು ಒಟ್ಟಿಗೆ ಊದಿಕೊಳ್ಳುವುದು ಇದರ ರೀತಿ. ಬೆಳಗಿನ ಬಿಗಿತ ಒಂದು ಗಂಟೆ ಕಳೆದರೂ ಹೋಗದಿರಬಹುದು. ಇದಕ್ಕೆ ಔಷಧ ಮೊದಲ ತಿಂಗಳುಗಳಲ್ಲೇ ಶುರುವಾಗಬೇಕು. "ಮೊದಲು ಊಟದಲ್ಲೇ ಸರಿಮಾಡಿ ನೋಡೋಣ" ಎಂದು ಕಾದರೆ, ಅಷ್ಟರಲ್ಲಿ ಮೂಳೆಯ ಅಂಚು ಕೊರೆದು ಹೋಗಿರಬಹುದು. ಆಮೇಲೆ ಅದು ತುಂಬಿಕೊಳ್ಳುವುದು ಕಷ್ಟ. ಈ ಲೇಖನದಲ್ಲಿ ಇರುವುದೆಲ್ಲ ಔಷಧದ ಜೊತೆಗೆ ಮಾಡುವಂಥದ್ದು, ಔಷಧ ಬಿಟ್ಟು ಮಾಡುವಂಥದ್ದಲ್ಲ.

ಗೌಟ್ ಇದ್ದರೆ ರಾತ್ರೋರಾತ್ರಿ ಕಾಲಿನ ಹೆಬ್ಬೆರಳು ಕೆಂಪಾಗಿ, ಹೊದಿಕೆ ತಾಗಿದರೂ ತಡೆಯಲಾಗದಷ್ಟು ನೋಯುತ್ತದೆ. ಬೆನ್ನುಮೂಳೆಗೆ ಬರುವ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್‌ನಲ್ಲಿ ಮಲಗಿದಾಗ ನೋವು ಜಾಸ್ತಿ, ಎದ್ದು ಓಡಾಡಿದರೆ ಕಮ್ಮಿ.

ಎಕ್ಸ್‌ರೇ ಬಗ್ಗೆ ಒಂದು ಮಾತು. ಚಿತ್ರದಲ್ಲಿ ಕಾಣುವ ಸವೆತಕ್ಕೂ ನೋವಿಗೂ ಅಷ್ಟಾಗಿ ತಾಳೆ ಇರುವುದಿಲ್ಲ. ಸಾಕಷ್ಟು ಸವೆತ ಇದ್ದೂ ನೋವಿಲ್ಲದವರಿದ್ದಾರೆ, ಚಿತ್ರ ಚೆನ್ನಾಗಿದ್ದೂ ನರಳುವವರಿದ್ದಾರೆ. "ಗ್ಯಾಪ್ ಮುಚ್ಚಿ ಹೋಗಿದೆಯಂತೆ, ಇನ್ನೇನು ಮಾಡೋದು" ಎಂದು ಕೈಚೆಲ್ಲಿ ಕೂರಲು ಎಕ್ಸ್‌ರೇ ಕಾರಣವಾಗಬಾರದು.

ಆದರೆ ಕೆಲವು ಲಕ್ಷಣಗಳಿದ್ದರೆ ವ್ಯಾಯಾಮದ ಮಾತೇ ಬೇಡ, ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಒಂದೇ ಕೀಲು ಇದ್ದಕ್ಕಿದ್ದಂತೆ ಬಿಸಿಯಾಗಿ ಊದಿ ಜ್ವರವೂ ಬಂದರೆ ಅದು ಕೀಲಿನೊಳಗಿನ ಸೋಂಕಾಗಿರಬಹುದು. ಅಂದೇ ತೋರಿಸಬೇಕು, ನಾಳೆಗೆ ಇಡುವಂತಿಲ್ಲ. ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ, ಕೈಕಾಲು ಜೋಮು ಹಿಡಿದು ಬಲ ಕಳೆದುಕೊಳ್ಳುತ್ತಿದ್ದರೆ, ಅವೂ ಅಂಥವೇ.

ಎರಡನೆಯದು: ಈಗ ಎಲ್ಲಿದ್ದೀರಿ ಎಂದು ಅಳೆದುಕೊಳ್ಳಿ

ಶುರು ಮಾಡುವ ಮುನ್ನ ಮೂರು ವಿಷಯ ಬರೆದಿಡಿ. ನೋವು ಏರುವ ಮೊದಲು ಸಮತಟ್ಟು ನೆಲದಲ್ಲಿ ಎಷ್ಟು ನಿಮಿಷ ನಡೆಯುತ್ತೀರಿ. ಕೈ ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ. ನಿಮ್ಮ ತೂಕ ಎಷ್ಟು. ಇಷ್ಟು ಸಾಕು. ಫಿಸಿಯೋಥೆರಪಿಸ್ಟ್‌ಗಳು ಈ ಕುರ್ಚಿ ಪರೀಕ್ಷೆಯನ್ನು ದಿನಾ ಬಳಸುತ್ತಾರೆ, ಅದಕ್ಕೆ ಗಡಿಯಾರ ಬಿಟ್ಟರೆ ಬೇರೇನೂ ಬೇಡ. ನಾಲ್ಕು ವಾರಕ್ಕೊಮ್ಮೆ ಮತ್ತೆ ಅಳೆಯಿರಿ. ದಿನದಿನದ ನೋವು ಏರಿಳಿಯುತ್ತಲೇ ಇರುತ್ತದೆ, ಅದನ್ನೇ ನೋಡುತ್ತಿದ್ದರೆ ಏನೂ ಸುಧಾರಿಸಿಲ್ಲ ಅನಿಸುತ್ತದೆ. ಏಳು ಸಲ ಏಳುತ್ತಿದ್ದವರು ಹತ್ತು ಸಲ ಎದ್ದರೆ ಅದು ಲೆಕ್ಕಕ್ಕೆ ಸಿಗುವ ಬದಲಾವಣೆ.

ಮೂರನೆಯದು: ನೋವಿನ ಲೆಕ್ಕ ಕಲಿಯಿರಿ

ಇಡೀ ವಿಷಯದಲ್ಲಿ ಮುಖ್ಯವಾದದ್ದು ಇದು. ನೋವೇ ಆಗಬಾರದು ಎಂದು ಕಾದರೆ ವ್ಯಾಯಾಮ ಶುರುವಾಗುವುದೇ ಇಲ್ಲ. ನೋವಾದರೂ ಹಲ್ಲು ಕಚ್ಚಿ ಮಾಡಬೇಕು ಎಂದು ಹೊರಟರೆ ವಾರದೊಳಗೆ ಬಿಟ್ಟುಬಿಡುತ್ತೀರಿ. ಇವೆರಡರ ನಡುವೆ ದಾರಿ ಇದೆ.

ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ತಡೆಯಲಾಗದ್ದು. ವ್ಯಾಯಾಮ ಮಾಡುವಾಗ ಎರಡರವರೆಗೆ ಇದ್ದರೆ ನಿಶ್ಚಿಂತೆಯಿಂದ ಮುಂದುವರಿಯಿರಿ. ಮೂರರಿಂದ ಐದು ಇದ್ದರೂ ಪರವಾಗಿಲ್ಲ. ಐದು ದಾಟಿದರೆ ಭಾರ ಇಳಿಸಿ, ಇಲ್ಲವೇ ಬಾಗುವ ಕೋನ ಕಡಿಮೆ ಮಾಡಿ. ಡೆನ್ಮಾರ್ಕ್‌ನಲ್ಲಿ 2013ರಲ್ಲಿ ಶುರುವಾಗಿ ಆಮೇಲೆ ಹಲವು ದೇಶಗಳಿಗೆ ಹಬ್ಬಿದ ಗ್ಲ್ಯಾಡ್ ಎಂಬ ಕಾರ್ಯಕ್ರಮದಲ್ಲಿ ಮಂಡಿ, ಸೊಂಟದ ಸವೆತ ಇರುವವರಿಗೆ ಇದೇ ಅಳತೆಯನ್ನು ಕಲಿಸುತ್ತಾರೆ.

ಇದಕ್ಕೆ ಇನ್ನೆರಡು ಮಾತು ಸೇರಿಸಿಕೊಳ್ಳಿ. ವ್ಯಾಯಾಮ ಮುಗಿದು ಎರಡು ಗಂಟೆಯಾದ ಮೇಲೂ ಮೊದಲಿಗಿಂತ ಜಾಸ್ತಿ ನೋವಿದ್ದರೆ, ಆವತ್ತು ಮಾಡಿದ್ದು ಹೆಚ್ಚಾಯಿತು. ಮರುದಿನ ಬೆಳಗ್ಗೆ ಕೀಲು ಹೊಸದಾಗಿ ಊದಿದ್ದರೂ ಹೆಚ್ಚಾಯಿತು. ಹೆಚ್ಚಾದರೆ ನಿಲ್ಲಿಸುವುದಲ್ಲ, ಮುಂದಿನ ಸಲ ಸುಮಾರು ಕಾಲುಭಾಗ ಕಡಿಮೆ ಮಾಡುವುದು. ಎಂಟು ಸಲ ಮಾಡಿದ್ದವರು ಆರಕ್ಕೆ ಇಳಿಯಿರಿ. ಸರಿಹೋದ ಮೇಲೆ ವಾರಕ್ಕೆ ಒಂದೋ ಎರಡೋ ಸಲ ಸೇರಿಸುತ್ತಾ ಮೇಲೇರಿ.

ಸ್ನಾಯು ನೋವು ಬೇರೆ, ಕೀಲು ನೋವು ಬೇರೆ. ಹೊಸದಾಗಿ ಶುರು ಮಾಡಿದವರಿಗೆ ಮರುದಿನ ತೊಡೆಯ ಮಾಂಸಖಂಡ ಹಿಡಿದುಕೊಂಡು, ಒತ್ತಿದರೆ ನೋಯುತ್ತದೆ. ಅದು ಎರಡು ಮೂರು ದಿನದಲ್ಲಿ ತಾನಾಗಿ ಹೋಗುತ್ತದೆ, ಹೆದರಬೇಡಿ. ಮಂಡಿಯ ಒಳಗೇ ಚುಚ್ಚಿದ ಹಾಗಾದರೆ ಮೇಲಿನ ಲೆಕ್ಕ ನೋಡಿ.

ನಾಲ್ಕನೆಯದು: ಕುರ್ಚಿಯಿಂದ ಏಳುವುದನ್ನೇ ವ್ಯಾಯಾಮ ಮಾಡಿ

ಮಂಡಿ ಅಥವಾ ಸೊಂಟದ ಸವೆತ ಇರುವವರು ಒಂದೇ ಒಂದು ವ್ಯಾಯಾಮ ಮಾಡುತ್ತೇವೆ ಎಂದರೆ ನಾನು ಹೇಳುವುದು ಇದನ್ನೇ. ತೊಡೆ, ಪೃಷ್ಠ, ಮೀನಖಂಡ ಎಲ್ಲವೂ ಒಟ್ಟಿಗೆ ಕೆಲಸ ಮಾಡುತ್ತವೆ. ಶೌಚಾಲಯದಿಂದ ಏಳುವುದು, ಬಸ್ಸಿನ ಸೀಟಿನಿಂದ ಏಳುವುದು, ದಿನವಿಡೀ ಬೇಕಾಗುವ ಚಲನೆಯೂ ಇದೇ ತಾನೇ.

ಗಟ್ಟಿ ಕುರ್ಚಿಯನ್ನು ಗೋಡೆಗೆ ಒರಗಿಸಿ ಇಡಿ, ಹಿಂದಕ್ಕೆ ಜಾರಬಾರದು. ಸೀಟಿನ ಮುಂದಿನ ಅರ್ಧಕ್ಕೆ ಸರಿದು ಕೂರಿ. ಪಾದಗಳ ನಡುವೆ ಸೊಂಟದಗಲ ಜಾಗವಿರಲಿ. ಹಿಮ್ಮಡಿಗಳನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ. ತುಂಬ ಜನ ಇಲ್ಲೇ ತಪ್ಪುತ್ತಾರೆ: ಪಾದ ಮುಂದೆ ಚಾಚಿಕೊಂಡೇ ಏಳಲು ನೋಡುತ್ತಾರೆ, ಆಗದೆ ಕೈ ಊರುತ್ತಾರೆ. ಈಗ ಬೆನ್ನು ನೆಟ್ಟಗೆ ಇಟ್ಟುಕೊಂಡೇ ಸೊಂಟದಿಂದ ಮುಂದಕ್ಕೆ ಬಾಗಿ, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು. ಉಸಿರು ಬಿಡುತ್ತಾ ಇಡೀ ಪಾದದಿಂದ ನೆಲ ಒತ್ತಿ ಎದ್ದು ನಿಲ್ಲಿ.

ಏಳುವಾಗ ಮಂಡಿಗಳ ಮೇಲೆ ಕಣ್ಣಿಡಿ. ಅವು ಒಳಕ್ಕೆ ವಾಲಿ ಒಂದಕ್ಕೊಂದು ಹತ್ತಿರ ಬರಬಾರದು. ಕಾಲಿನ ಎರಡನೇ ಬೆರಳಿನ ನೇರದಲ್ಲೇ ಇರಬೇಕು. ನಿಂತ ಮೇಲೆ ಪೃಷ್ಠ ಬಿಗಿ ಮಾಡಿ ಒಂದು ಕ್ಷಣ ನಿಲ್ಲಿ. ಆಮೇಲೆ ಮನಸ್ಸಿನಲ್ಲೇ ಮೂರು ಎಣಿಸುತ್ತಾ ನಿಧಾನವಾಗಿ ಕೂರಿ. ಕೊನೆಯ ನಾಲ್ಕು ಬೆರಳಿನಷ್ಟು ಅಂತರದಲ್ಲಿ ಧೊಪ್ಪನೆ ಬೀಳಬೇಕು ಅನಿಸುತ್ತದೆ. ಬೀಳದೆ ತಡೆದುಕೊಳ್ಳುವುದರಲ್ಲೇ ಅರ್ಧ ಲಾಭವಿದೆ.

ಆಗುತ್ತಿಲ್ಲವೇ? ಸೀಟಿನ ಮೇಲೆ ಗಟ್ಟಿ ದಿಂಬು ಹಾಕಿ ಎತ್ತರ ಮಾಡಿ, ಇಲ್ಲವೇ ಕೈಯಿರುವ ಕುರ್ಚಿ ಹಿಡಿದು ಏಳಿ. ಎಂಟು ಸಲ ಮಾಡಿ, ಎರಡು ನಿಮಿಷ ಕೂತು, ಇನ್ನೊಂದು ಸುತ್ತು ಎಂಟು ಸಲ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಸಲೀಸಾದ ಮೇಲೆ ದಿಂಬು ತೆಗೆಯಿರಿ. ಆಮೇಲೆ ಕೈ ಎದೆಗೆ ಕಟ್ಟಿಕೊಳ್ಳಿ. ಆಮೇಲೆ ಕೈಯಲ್ಲಿ ಸ್ವಲ್ಪ ಭಾರ ಹಿಡಿಯಿರಿ. ತಿಂಗಳುಗಟ್ಟಲೆ ಅದೇ ಎಂಟು ಸಲ ಅದೇ ಎತ್ತರದಲ್ಲಿ ಮಾಡುತ್ತಿದ್ದರೆ ಸ್ನಾಯುವಿಗೆ ಬೆಳೆಯಲು ಕಾರಣವೇ ಇರುವುದಿಲ್ಲ.

ಜೊತೆಗೆ ಮೂರು ಸಣ್ಣ ವ್ಯಾಯಾಮ. ಅಂಗಾತ ಮಲಗಿ ಒಂದು ಮಂಡಿ ಮಡಚಿ, ಇನ್ನೊಂದು ಕಾಲನ್ನು ನೆಟ್ಟಗೆ ಒಂದು ಅಡಿ ಎತ್ತಿ ಐದು ಎಣಿಸಿ ಇಳಿಸಿ. ಮಂಡಿ ತೀರಾ ನೋಯುವವರು ಶುರು ಮಾಡಬೇಕಾದ್ದು ಇದರಿಂದಲೇ, ಏಕೆಂದರೆ ಇಲ್ಲಿ ಕೀಲು ಬಾಗುವುದೇ ಇಲ್ಲ. ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ಎತ್ತಿ ಇಳಿಸಿ, ಸೊಂಟದ ಪಕ್ಕದ ಸ್ನಾಯುವಿಗೆ. ಗೋಡೆ ಹಿಡಿದು ನಿಂತು ಹಿಮ್ಮಡಿ ಎತ್ತಿ ಇಳಿಸಿ.

ಐದನೆಯದು: ನಡಿಗೆ, ಸೈಕಲ್, ನೀರು

ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ, ಅದು ಮಧ್ಯಮ ವೇಗ. ಆ ಸಂಖ್ಯೆ ನೋಡಿ ಗಾಬರಿಯಾಗಬೇಡಿ. ಏಳು ನಿಮಿಷಕ್ಕೆ ನೋವು ಏರುವವರು ಐದು ನಿಮಿಷ ನಡೆದು ಕೂರಿ. ದಿನಕ್ಕೆ ಮೂರು ಸಲ ಹಾಗೆ ಮಾಡಿದರೆ ಹದಿನೈದು ನಿಮಿಷವಾಯಿತು. ನೋವು ಬರುವ ಮುನ್ನವೇ ನಿಲ್ಲಿಸುವುದು ಸೋಮಾರಿತನವಲ್ಲ. ನೋವು ಬಂದ ಮೇಲೆ ಕುಂಟುತ್ತಾ ನಡೆಯುವ ಕೊನೆಯ ಹತ್ತು ನಿಮಿಷದಿಂದ ಲಾಭ ಕಡಿಮೆ, ಕಿರಿಕಿರಿ ಜಾಸ್ತಿ.

ಮೆಟ್ಟಿಲು ಬೇರೆ ಲೆಕ್ಕ. ಸಮತಟ್ಟಾಗಿ ನಡೆಯುವಾಗ ಮಂಡಿಯ ಮೇಲೆ ದೇಹದ ತೂಕದ ಸುಮಾರು ಎರಡೂವರೆ ಪಟ್ಟು ಬಲ ಬೀಳುತ್ತದೆ. ಮೆಟ್ಟಿಲು ಇಳಿಯುವಾಗ ಅದು ಮೂರೂವರೆ ಪಟ್ಟಿನ ಹತ್ತಿರ ಹೋಗುತ್ತದೆ. ಹತ್ತುವುದಕ್ಕಿಂತ ಇಳಿಯುವಾಗ ನೋವು ಜಾಸ್ತಿ ಎಂದು ಹೇಳುವವರ ಮಾತು ಸುಳ್ಳಲ್ಲ. ಹತ್ತುವಾಗ ಚೆನ್ನಾಗಿರುವ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಕಂಬಿ ಇದ್ದರೆ ಹಿಡಿಯಿರಿ. ಊರುಗೋಲು ಬಳಸುವವರು ಅದನ್ನು ನೋಯುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಬಲಮಂಡಿ ನೋವಾದರೆ ಎಡಗೈಯಲ್ಲಿ. ಸಹಜವಾಗಿ ಕೈ ಹೋಗುವುದು ಉಲ್ಟಾ ಕಡೆಗೆ, ಹಾಗಾಗಿ ಮತ್ತೆ ಮತ್ತೆ ಹೇಳಬೇಕಾಗುತ್ತದೆ.

ನಡಿಗೆ ಆಗದವರಿಗೆ ಸೈಕಲ್ ಒಳ್ಳೆಯದು. ಸೀಟು ಎತ್ತರವಿರಲಿ, ಪೆಡಲ್ ಕೆಳಗೆ ಬಂದಾಗ ಮಂಡಿ ಸ್ವಲ್ಪವೇ ಬಾಗಿರಬೇಕು. ಸೀಟು ತಗ್ಗಿಸಿದಷ್ಟೂ ಮಂಡಿಚಿಪ್ಪಿನ ಮೇಲೆ ಒತ್ತಡ ಏರುತ್ತದೆ. ನೀರಿನ ಅನುಕೂಲವಿದ್ದರೆ ಇನ್ನೂ ಒಳ್ಳೆಯದು: ಸೊಂಟದವರೆಗೆ ನೀರಿನಲ್ಲಿ ನಿಂತರೆ ಕಾಲಿನ ಮೇಲಿನ ಭಾರ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಈಜು ಬರಬೇಕೆಂದಿಲ್ಲ, ನೀರಿನಲ್ಲಿ ನಡೆದರೆ ಸಾಕು. ನಿಧಾನ ಚಲನೆಗಳ ಚೀನೀ ವ್ಯಾಯಾಮವಾದ ತಾಯ್ ಚಿ ಕಲಿಯುವ ಅವಕಾಶವಿದ್ದರೆ ಅದನ್ನೂ ನೋಡಿ. ಅಮೆರಿಕದ ಸಂಧಿವಾತ ತಜ್ಞರ ಸಂಘ 2019ರ ಮಾರ್ಗಸೂಚಿಯಲ್ಲಿ ಮಂಡಿ, ಸೊಂಟದ ಸವೆತಕ್ಕೆ ಅದನ್ನು ಬಲವಾಗಿ ಶಿಫಾರಸು ಮಾಡಿದೆ.

ಕೈಬೆರಳು ಮತ್ತು ಕುತ್ತಿಗೆ

ಬೆಳಗಿನ ಬಿಗಿತಕ್ಕೆ ಉಗುರುಬೆಚ್ಚನೆಯ ನೀರಿನಲ್ಲಿ ಐದು ಹತ್ತು ನಿಮಿಷ ಕೈ ಅದ್ದಿಡಿ. ಆಮೇಲೆ ಬೆರಳುಗಳನ್ನು ನೆಟ್ಟಗೆ ಚಾಚಿ. ಮೊದಲು ತುದಿಯ ಗೆಣ್ಣುಗಳನ್ನು ಮಾತ್ರ ಕೊಕ್ಕೆಯಂತೆ ಮಡಚಿ, ಮತ್ತೆ ಚಾಚಿ. ನಂತರ ಪೂರ್ತಿ ಮುಷ್ಟಿ ಕಟ್ಟಿ, ಚಾಚಿ. ಹೆಬ್ಬೆರಳಿನ ತುದಿಯನ್ನು ಉಳಿದ ನಾಲ್ಕು ಬೆರಳಿನ ತುದಿಗೂ ಒಂದೊಂದಾಗಿ ಮುಟ್ಟಿಸಿ. ರುಮಟಾಯ್ಡ್ ಇರುವವರು ಕೈಗೆ ಬಲದ ವ್ಯಾಯಾಮ ಮಾಡಿದರೆ ಬೆರಳು ಸೊಟ್ಟಗಾಗುತ್ತದೆ ಎಂಬ ಭಯ ಹಿಂದೆ ಇತ್ತು. ಬ್ರಿಟನ್‌ನಲ್ಲಿ 490 ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಿಗ್ಗಿಸುವ ಮತ್ತು ಬಲ ಹೆಚ್ಚಿಸುವ ವ್ಯಾಯಾಮ ಮಾಡಿದವರ ಕೈ ಒಂದು ವರ್ಷದ ನಂತರ ಮಾಡದವರಿಗಿಂತ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಊದಿರುವ ದಿನ ಮಾತ್ರ ಚೆಂಡು ಹಿಸುಕುವಂಥದ್ದು ಬೇಡ.

ರುಮಟಾಯ್ಡ್ ಹಳೆಯದಾಗಿದ್ದರೆ ಕುತ್ತಿಗೆಯ ಮೇಲ್ಭಾಗದ ಎರಡು ಮೂಳೆಗಳ ನಡುವಿನ ಹಿಡಿತ ಸಡಿಲವಾಗಿರಬಹುದು. ಕುತ್ತಿಗೆ ಲಟಕ್ ಎನಿಸುವುದು, ಯಾರಿಂದಲಾದರೂ ತಿರುಚಿಸಿಕೊಳ್ಳುವುದು, ತಲೆಯ ಮೇಲೆ ಭಾರ ಹಾಕುವ ಭಂಗಿಗಳು ಖಂಡಿತ ಬೇಡ.

ಊಟ: ಮೊದಲು ತೂಕ

ಮಂಡಿ ನೋವಿರುವವರು ಇಂಟರ್ನೆಟ್ಟಿನಲ್ಲಿ ಹುಡುಕುವುದು ಯಾವ ಬೀಜ, ಯಾವ ಎಣ್ಣೆ, ಯಾವ ಪುಡಿ ಎಂದು. ತೂಕ ಜಾಸ್ತಿ ಇದ್ದರೆ ಅವೆಲ್ಲ ಪಕ್ಕಕ್ಕಿಡಿ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಕಡಿಮೆಯಾಗುತ್ತದೆ ಎಂದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಐದು ಕಿಲೋ ಇಳಿದರೆ ಇಪ್ಪತ್ತು. ದಿನಕ್ಕೆ ಸಾವಿರಾರು ಹೆಜ್ಜೆ ಇಡುತ್ತೀರಲ್ಲ, ಲೆಕ್ಕ ಹಾಕಿ.

ಅದೇ ಸಾಲಿನ ಇನ್ನೊಂದು ಅಧ್ಯಯನ 2013ರಲ್ಲಿ ಬಂತು. ತೂಕ ಜಾಸ್ತಿ ಇದ್ದು ಮಂಡಿ ಸವೆತವಿದ್ದ 454 ಜನರನ್ನು ಮೂರು ಗುಂಪು ಮಾಡಿ 18 ತಿಂಗಳು ನೋಡಿದರು: ಬರೀ ಆಹಾರ ನಿಯಂತ್ರಣ, ಬರೀ ವ್ಯಾಯಾಮ, ಎರಡೂ. ನೋವು ಎಲ್ಲರಿಗಿಂತ ಜಾಸ್ತಿ ಇಳಿದದ್ದು ಎರಡನ್ನೂ ಮಾಡಿದವರಿಗೆ. ಗುರಿ ಇಟ್ಟುಕೊಳ್ಳುವುದಾದರೆ ಈಗಿನ ತೂಕದ ನೂರಕ್ಕೆ ಐದರಿಂದ ಹತ್ತು ಭಾಗ. 80 ಕಿಲೋ ಇರುವವರಿಗೆ ನಾಲ್ಕರಿಂದ ಎಂಟು ಕಿಲೋ, ಆರು ತಿಂಗಳಲ್ಲಿ. ಅದಕ್ಕಿಂತ ಅವಸರ ಬೇಡ, ಏಕೆಂದರೆ ಉಪವಾಸ ಮಾಡಿ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ನಾವು ಕುರ್ಚಿಯ ಮುಂದೆ ಬೆವರು ಸುರಿಸಿದ್ದೆಲ್ಲ ಅದನ್ನು ಬೆಳೆಸಲು ಅಲ್ವಾ?

ಸ್ನಾಯು ಉಳಿಯಬೇಕಾದರೆ ಪ್ರೋಟೀನ್ ಬೇಕು. ವಯಸ್ಸಾದವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಎಂದು ತಜ್ಞರು ಹೇಳುತ್ತಾರೆ. 60 ಕಿಲೋ ಇರುವವರಿಗೆ 60ರಿಂದ 72 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ, 100 ಗ್ರಾಂ ಬೇಯಿಸಿದ ಕಾಳಿನಲ್ಲಿ 8-9, ಒಂದು ಲೋಟ ಹಾಲಿನಲ್ಲಿ 6-7, 100 ಗ್ರಾಂ ಮೀನಿನಲ್ಲಿ 20ರ ಹತ್ತಿರ. ಒಂದೇ ಹೊತ್ತಿಗೆ ಎಲ್ಲ ತಿನ್ನದೆ ಮೂರು ಹೊತ್ತಿಗೂ ಹಂಚಿ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ತಟ್ಟೆಯಲ್ಲಿ ಏನಿರಲಿ

ರುಮಟಾಯ್ಡ್‌ಗೆ ಸಂಬಂಧಿಸಿ ಅದೇ ಅಮೆರಿಕದ ಸಂಘ 2022ರಲ್ಲಿ ಆಹಾರ ಪದ್ಧತಿಗಳನ್ನೆಲ್ಲ ಪರಿಶೀಲಿಸಿತು. ಶಿಫಾರಸು ಸಿಕ್ಕಿದ್ದು ಒಂದೇ ಒಂದಕ್ಕೆ, ಮೆಡಿಟರೇನಿಯನ್ ಮಾದರಿಗೆ. ಹೆಸರು ದೊಡ್ಡದಾದರೂ ಒಳಗಿರುವುದು ಸರಳ: ತರಕಾರಿ, ಹಣ್ಣು, ಕಾಳು, ಪೂರ್ತಿ ಧಾನ್ಯ, ಬೀಜಗಳು, ಮೀನು, ಆಲಿವ್ ಎಣ್ಣೆ ಜಾಸ್ತಿ. ಸಕ್ಕರೆ, ಉಪ್ಪು, ಕಾರ್ಖಾನೆಯಲ್ಲಿ ತಯಾರಾದ ಪ್ಯಾಕೆಟ್ ತಿಂಡಿ ಕಡಿಮೆ. ತಟ್ಟೆಯ ಅರ್ಧ ತರಕಾರಿ, ಕಾಲುಭಾಗ ಕಾಳು ಅಥವಾ ಮೀನು ಮೊಟ್ಟೆ, ಕಾಲುಭಾಗ ಧಾನ್ಯ. ತೂಕ ಇಳಿಸಲೂ ಇದೇ ಸಾಕು.

ಬಂಗುಡೆ, ಭೂತಾಯಿ, ಸಾಲ್ಮನ್‌ನಂಥ ಎಣ್ಣೆಯಂಶದ ಮೀನಿನಲ್ಲಿ ಒಮೆಗಾ-3 ಕೊಬ್ಬು ಇದೆ. ರುಮಟಾಯ್ಡ್‌ನಲ್ಲಿ ಉರಿಯೂತ ತಗ್ಗಿಸಲು ಇದರಿಂದ ಸ್ವಲ್ಪ ಸಹಾಯವಾಗುತ್ತದೆ. ವಾರಕ್ಕೆ ಎರಡು ಸಲ ತಿನ್ನಿ. ಸಸ್ಯಾಹಾರಿಗಳಿಗೆ ಅಗಸೆ ಬೀಜ, ಅಕ್ರೋಟು ಇವೆ. ಆದರೆ ಅವುಗಳಲ್ಲಿರುವ ಒಮೆಗಾ-3 ಮೀನಿನದ್ದಲ್ಲ. ದೇಹ ಅದರಲ್ಲಿ ಸಣ್ಣ ಪಾಲನ್ನು ಮಾತ್ರ ಆ ರೂಪಕ್ಕೆ ಬದಲಿಸಿಕೊಳ್ಳುತ್ತದೆ. ಹಾಗೆಂದು ಬಿಡಬೇಕಿಲ್ಲ, ಪವಾಡ ನಿರೀಕ್ಷಿಸಬೇಡಿ ಅಷ್ಟೇ.

ಟೊಮೆಟೊ, ಬದನೆ, ಆಲೂಗಡ್ಡೆ ತಿಂದರೆ ಕೀಲು ಊದುತ್ತದೆ ಎಂದು ಹೇಳುವವರಿದ್ದಾರೆ. ಎಲ್ಲರೂ ಬಿಡಬೇಕು ಎನ್ನಲು ಒಳ್ಳೆಯ ಆಧಾರವಿಲ್ಲ. ನಿಂಬೆ, ಕಿತ್ತಳೆಯಂಥ ಹುಳಿ ಹಣ್ಣಿಗೂ ಅದೇ ಅಪವಾದ. ಅವುಗಳಲ್ಲಿರುವ ವಿಟಮಿನ್ ಸಿ ಇಲ್ಲದೆ ದೇಹ ಕೊಲಾಜೆನ್ ಕಟ್ಟಲಾರದು, ಮೃದ್ವಸ್ಥಿಯ ಚೌಕಟ್ಟೇ ಕೊಲಾಜೆನ್. ನಿಮಗೆ ನಿಜಕ್ಕೂ ಯಾವುದೋ ಒಂದು ಆಗುವುದಿಲ್ಲ ಅನಿಸಿದರೆ ಅದೊಂದನ್ನು ಮಾತ್ರ ಮೂರು ವಾರ ಬಿಟ್ಟು, ಮತ್ತೆ ತಿಂದು ನೋಡಿ. ವ್ಯತ್ಯಾಸವಿಲ್ಲದಿದ್ದರೆ ವಾಪಸ್ ತಟ್ಟೆಗೆ ಬರಲಿ. ಒಟ್ಟಿಗೆ ಹತ್ತು ಪದಾರ್ಥ ಬಿಟ್ಟರೆ ಯಾವುದರಿಂದ ಏನಾಯಿತು ಎಂದೂ ತಿಳಿಯುವುದಿಲ್ಲ, ಮೈಯೂ ಸೊರಗುತ್ತದೆ.

ಕೀಲಿಗೆ ಒಳ್ಳೆಯದೆಂದು ಮಾರುವ ಗ್ಲುಕೋಸಮಿನ್ ಮಾತ್ರೆ ಕೊಳ್ಳುವ ಮುನ್ನ ಇದು ತಿಳಿದಿರಲಿ: ಮೇಲೆ ಹೇಳಿದ 2019ರ ಮಾರ್ಗಸೂಚಿ ಮಂಡಿ, ಸೊಂಟ, ಕೈಗಳ ಸವೆತಕ್ಕೆ ಅದನ್ನು ಬಳಸಬೇಡಿ ಎಂದೇ ಹೇಳಿದೆ. ಅರಿಶಿನ ಅಡುಗೆಗೆ ಹಾಕುವಷ್ಟು ಚೆನ್ನ. ಆದರೆ ಅದರ ಸಾರವನ್ನು ಸಾಂದ್ರಗೊಳಿಸಿದ ಮಾತ್ರೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವರದಿಯಾಗಿವೆ. ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರು ಅರಿಶಿನದ ಮಾತ್ರೆ, ಮೀನೆಣ್ಣೆ ಎರಡನ್ನೂ ವೈದ್ಯರಿಗೆ ಹೇಳದೆ ಶುರು ಮಾಡಬಾರದು. ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಳ್ಳುವವರು ಕ್ಯಾಲ್ಸಿಯಂ, ವಿಟಮಿನ್ ಡಿ ಬಗ್ಗೆ ಕೇಳಲೇಬೇಕು, ಆ ಔಷಧ ಮೂಳೆಯನ್ನು ಟೊಳ್ಳು ಮಾಡುತ್ತದೆ.

ರುಮಟಾಯ್ಡ್‌ಗೆ ಮೆಥೊಟ್ರೆಕ್ಸೇಟ್ ಕೊಟ್ಟಿದ್ದರೆ ಅದು ವಾರಕ್ಕೊಮ್ಮೆ ನುಂಗುವ ಔಷಧ. ತಪ್ಪಿ ದಿನಾ ನುಂಗಿದರೆ ಜೀವಕ್ಕೇ ಅಪಾಯ. ಮಾತ್ರೆ ಪಟ್ಟಿಯ ಮೇಲೆ ನುಂಗಬೇಕಾದ ದಿನದ ಹೆಸರು ದೊಡ್ಡದಾಗಿ ಬರೆದಿಡಿ. ಜೊತೆಗೆ ಕೊಡುವ ಫೋಲಿಕ್ ಆಸಿಡ್ ಬಿಡಬೇಡಿ. ಮದ್ಯದ ಬಗ್ಗೆ ವೈದ್ಯರ ಮಾತು ಕೇಳಿ. ಬೀಡಿ ಸಿಗರೇಟು ಸೇದುವವರಿಗೆ ರುಮಟಾಯ್ಡ್ ಬರುವ ಸಾಧ್ಯತೆಯೂ ಜಾಸ್ತಿ, ಬಂದ ಮೇಲೆ ಔಷಧ ಹಿಡಿಯುವುದೂ ಕಷ್ಟ.

ಗೌಟ್ ಇದ್ದವರಿಗೆ ಬೇರೆ ಪಟ್ಟಿ

100 ಮಿಲಿಲೀಟರ್ ರಕ್ತದಲ್ಲಿ ಯೂರಿಕ್ ಆಸಿಡ್ ಸುಮಾರು 6.8 ಮಿಲಿಗ್ರಾಂ ದಾಟಿದರೆ ಅದು ಕರಗಿಯೇ ಇರಲಾರದು, ಸೂಜಿಯಂಥ ಹರಳಾಗಿ ಕೀಲಿನಲ್ಲಿ ಕೂರಬಹುದು. ಚಿಕಿತ್ಸೆಯಲ್ಲಿ 6ಕ್ಕಿಂತ ಕೆಳಗೆ ಇಡಲು ನೋಡುವುದು ಅದಕ್ಕೇ. ಬಿಯರ್ ಮತ್ತು ಇತರ ಮದ್ಯ, ಸಕ್ಕರೆ ತುಂಬಿದ ತಂಪು ಪಾನೀಯ, ಲಿವರ್ ಕಿಡ್ನಿಯಂಥ ಅಂಗಾಂಗದ ಮಾಂಸ, ಸಿಗಡಿ, ಭೂತಾಯಿ ಇವು ಕಡಿಮೆಯಾಗಬೇಕು. ಹೌದು, ಮೇಲೆ ಹೊಗಳಿದ ಭೂತಾಯಿಯೇ. ಮೊದಲು ಯಾವ ಬಗೆ ಎಂದು ತಿಳಿಯಿರಿ ಎಂದದ್ದು ಸುಮ್ನೆ ಅಲ್ಲ.

ಪಾಲಕ್, ಬಟಾಣಿ, ಕಾಳುಗಳನ್ನು ಬಿಡಬೇಕಿಲ್ಲ. 47,000ಕ್ಕೂ ಹೆಚ್ಚು ಗಂಡಸರನ್ನು 12 ವರ್ಷ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾಂಸ ಮತ್ತು ಸಮುದ್ರಾಹಾರ ಜಾಸ್ತಿ ತಿಂದವರಿಗೆ ಗೌಟ್ ಹೆಚ್ಚಿತ್ತು. ದೇಹದಲ್ಲಿ ಯೂರಿಕ್ ಆಸಿಡ್ ಆಗುವ ಪ್ಯೂರಿನ್ ಎಂಬ ಅಂಶವಿರುವ ತರಕಾರಿ ತಿಂದವರಿಗೆ ಹೆಚ್ಚಿರಲಿಲ್ಲ. ಕೊಬ್ಬು ಕಡಿಮೆಯಿರುವ ಹಾಲು ಮೊಸರು ತಿಂದವರಿಗೆ ಕಡಿಮೆಯೇ ಇತ್ತು. ಆದರೂ ಊಟವೊಂದರಿಂದಲೇ ಯೂರಿಕ್ ಆಸಿಡ್ ಹೆಚ್ಚೇನೂ ಇಳಿಯುವುದಿಲ್ಲ. ವೈದ್ಯರು ಮಾತ್ರೆ ಬೇಕು ಎಂದರೆ ಪಥ್ಯ ಮಾಡಿ ಜಯಿಸುತ್ತೇನೆ ಎಂಬ ಹಟ ಬೇಡ.

ನೋವು ಏರಿದ ದಿನಗಳಲ್ಲಿ

ಚೆನ್ನಾಗಿ ನಡೆಯುತ್ತಿದ್ದಾಗಲೇ ಒಂದು ದಿನ ಕೀಲು ಊದಿ ಕೂರುತ್ತದೆ. ಬರುತ್ತದೆ ಎಂದೇ ಲೆಕ್ಕ ಹಾಕಿಕೊಳ್ಳಿ. ಆವತ್ತು ಬಲದ ವ್ಯಾಯಾಮ ನಿಲ್ಲಿಸಿ. ಊದಿದ ಕೀಲಿಗೆ ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ಹದಿನೈದು ನಿಮಿಷ ಇಡಿ. ಬರೀ ಬಿಗಿತ ಇದ್ದು ಊತ ಇಲ್ಲದಿದ್ದರೆ ಶಾಖ ಕೊಡಿ. ಪೂರ್ತಿ ಮಲಗಿಬಿಡಬೇಡಿ. ದಿನಕ್ಕೆರಡು ಸಲ ಕೀಲನ್ನು ಆಗುವಷ್ಟು ದೂರ ನಿಧಾನವಾಗಿ ಮಡಚಿ ಚಾಚಿ, ಭಾರ ಹಾಕದೆ. ಮನೆಯೊಳಗಿನ ಓಡಾಟ ಇರಲಿ. ನೋವಿನ ಮಾತ್ರೆ ಬೇಕಾದರೆ ಹೊಟ್ಟೆ, ಮೂತ್ರಪಿಂಡ, ಬಿಪಿ ತೊಂದರೆ ಇರುವವರು ಕೇಳಿಯೇ ನುಂಗಬೇಕು. ಮಂಡಿಗೆ, ಕೈಗೆ ಹಚ್ಚುವ ಡೈಕ್ಲೊಫೆನಾಕ್ ಜೆಲ್ ಹೊಟ್ಟೆಗೆ ಅಷ್ಟು ತೊಂದರೆ ಕೊಡುವುದಿಲ್ಲ.

ಊತ ಇಳಿದ ಮೇಲೆ ಹಿಂದೆ ಮಾಡುತ್ತಿದ್ದ ಅರ್ಧದಿಂದ ಶುರು ಮಾಡಿ. ಹದಿನಾರು ಸಲ ಕುರ್ಚಿಯಿಂದ ಏಳುತ್ತಿದ್ದವರು ಎಂಟಕ್ಕೆ, ಇಪ್ಪತ್ತು ನಿಮಿಷ ನಡೆಯುತ್ತಿದ್ದವರು ಹತ್ತಕ್ಕೆ. ಒಂದೆರಡು ವಾರದಲ್ಲಿ ಹಳೆಯ ಮಟ್ಟಕ್ಕೆ ಬರುತ್ತೀರಿ. ಎರಡು ವಾರವಾದರೂ ಊತ ಇಳಿಯದಿದ್ದರೆ, ಅಥವಾ ತಿಂಗಳಲ್ಲಿ ಎರಡನೇ ಸಲ ಹೀಗಾದರೆ, ವ್ಯಾಯಾಮ ಬದಲಿಸಿ ನೋಡುತ್ತಾ ಕೂರಬೇಡಿ. ಔಷಧವನ್ನೇ ಬದಲಿಸಬೇಕಾದ ಕಾಲ ಬಂದಿರಬಹುದು, ವೈದ್ಯರಿಗೆ ತೋರಿಸಿ.